ಚಿಕಿತ್ಸೆಗಳನ್ನು ತಕ್ಕಡಿಯಲ್ಲಿಟ್ಟು ತೂಗಿದ ವೈದ್ಯ: ಆರ್ಚಿ ಕಾಕ್ರೇನ್

ಮಹಾನಗರಗಳಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಲ್ಲಿ ಹಿರಿಯರೊಬ್ಬರು ಹಾಸಿಗೆ ಹಿಡಿದರೆ ಎರಡು ಚಿಂತೆಗಳು ಒಟ್ಟಿಗೇ ಮನೆ ಹೊಕ್ಕುತ್ತವೆ. ಒಂದು ರೋಗದ್ದು, ಇನ್ನೊಂದು ಖರ್ಚಿನದು. ಒಬ್ಬ ತಜ್ಞರು ಶಸ್ತ್ರಚಿಕಿತ್ಸೆ ಆಗಲೇಬೇಕೆನ್ನುತ್ತಾರೆ. ಮತ್ತೊಬ್ಬರು ಕೆಲವು ತಿಂಗಳು ಮಾತ್ರೆಯಲ್ಲೇ ನೋಡೋಣವೆನ್ನುತ್ತಾರೆ. ಹೆಚ್ಚು ಬೆಲೆಯದೇ ಹೆಚ್ಚು ಗುಣದ್ದೂ ಆಗಿರಬೇಕೆಂದು ನಂಬಿ ನಾವು ಠೇವಣಿ ಮುರಿಸುತ್ತೇವೆ, ಒಡವೆ ಅಡವಿಡುತ್ತೇವೆ. ಈ ಎರಡು ಚಿಕಿತ್ಸೆಗಳನ್ನು ಅಕ್ಕಪಕ್ಕದಲ್ಲಿಟ್ಟು ಯಾರಾದರೂ ನಿಜವಾಗಿ ಹೋಲಿಸಿ ನೋಡಿದ್ದಾರೆಯೇ ಎಂದು ಕೇಳುವ ಧೈರ್ಯ ಮಾತ್ರ ನಮಗೆ ಬರುವುದಿಲ್ಲ. ಹಾಗೆ ಕೇಳುವುದು ವೈದ್ಯರಿಗೆ ಅಗೌರವ ತೋರಿದಂತೆ ಎಂಬ ಸಂಕೋಚ ನಮ್ಮದು. ಆದರೆ ಈ ಪ್ರಶ್ನೆಯನ್ನೇ ಬದುಕಿನ ಕಾಯಕವಾಗಿಸಿಕೊಂಡವರು ಸ್ವತಃ ಒಬ್ಬ ವೈದ್ಯರು. ಅವರೇ ಆರ್ಚಿಬಾಲ್ಡ್ ಲೇಮನ್ ಕಾಕ್ರೇನ್. ಪ್ರಪಂಚದ ವೈದ್ಯವಲಯ ಅವರನ್ನು ಬಲ್ಲುದು ಆರ್ಚಿ ಕಾಕ್ರೇನ್ ಎಂಬ ಕಿರಿದಾದ ಹೆಸರಿನಿಂದ.

ಕಾಕ್ರೇನ್ ಅವರು 1909ರ ಜನವರಿ 12ರಂದು ಸ್ಕಾಟ್ಲೆಂಡಿನ ಗ್ಯಾಲಶೀಲ್ಸ್ ಎಂಬ ಊರಿನಲ್ಲಿ ಜನಿಸಿದರು. ಉಣ್ಣೆಬಟ್ಟೆಯ ಗಿರಣಿಗಳಿಂದ ಸಿರಿವಂತವಾದ ಮನೆತನ. ಎಂಟು ವರ್ಷದ ಬಾಲಕನಾಗಿದ್ದಾಗ, 1917ರಲ್ಲಿ, ಮೊದಲನೆಯ ಮಹಾಯುದ್ಧದ ಗಾಜಾ ಕದನದಲ್ಲಿ ತಂದೆ ಮಡಿದರು. ಮನೆಯ ಹಣವಿದ್ದುದರಿಂದ ವಿದ್ಯೆಗೆ ಅಡ್ಡಿಯಾಗಲಿಲ್ಲ. ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನಲ್ಲಿ ಪ್ರಕೃತಿವಿಜ್ಞಾನಗಳನ್ನು ಓದಿ 1930ರಲ್ಲಿ ಪ್ರಥಮ ಶ್ರೇಣಿಯಲ್ಲಿ ತೇರ್ಗಡೆಯಾದರು.

ಮುಂದಿನ ಕೆಲವು ವರ್ಷಗಳು ಅಲೆದಾಟದವು. ತಮ್ಮದೊಂದು ಆರೋಗ್ಯದ ತೊಂದರೆಗೆ ಉಪಶಮನ ಹುಡುಕುತ್ತ ಅವರು ಮನೋವಿಶ್ಲೇಷಣೆಯ ಮೊರೆಹೊಕ್ಕರು. ಫ್ರಾಯ್ಡ್ ಅವರ ಶಿಷ್ಯರಾದ ಥಿಯೋಡರ್ ರೈಕ್ ಅವರ ಬಳಿ ಬರ್ಲಿನ್‌ನಲ್ಲಿ ಆರಂಭವಾದ ಆ ಚಿಕಿತ್ಸೆ, ನಾಜಿಗಳ ಉಪಟಳದಿಂದ ಗುರುಗಳು ಊರು ಬದಲಾಯಿಸಿದಂತೆಲ್ಲ ವಿಯೆನ್ನಾಕ್ಕೂ ಹೇಗ್ ನಗರಕ್ಕೂ ಸಾಗಿತು. ತೊಂದರೆ ನೀಗಲಿಲ್ಲ. ಆದರೆ ಎರಡು ಲಾಭಗಳಾದವು: ಜರ್ಮನ್ ಭಾಷೆ ಸರಾಗವಾಗಿ ಬಂದಿತು, ಪ್ರಯೋಗದಿಂದ ಪರೀಕ್ಷೆಗೊಳಗಾಗದ ಯಾವ ಸಿದ್ಧಾಂತವನ್ನೂ, ಅದೆಷ್ಟೇ ಸುಂದರವಾಗಿದ್ದರೂ, ನಂಬಬಾರದೆಂಬ ಸಂಶಯಬುದ್ಧಿ ಬೇರೂರಿತು. ಈ ಎರಡೂ ಮುಂದೆ ಅವರ ಕೈಹಿಡಿದುದನ್ನು ನಾವು ನೋಡಲಿದ್ದೇವೆ.

1934ರಲ್ಲಿ ಲಂಡನ್ನಿನಲ್ಲಿ ವೈದ್ಯಕೀಯ ವ್ಯಾಸಂಗಕ್ಕೆ ಸೇರಿದ ಅವರು, 1936ರಲ್ಲಿ ಸ್ಪೇನಿನ ಅಂತರ್ಯುದ್ಧ ಭುಗಿಲೆದ್ದಾಗ ಓದನ್ನು ಅರ್ಧಕ್ಕೆ ಬಿಟ್ಟು ಪ್ರಜಾಸತ್ತೆಯ ಪಕ್ಷದ ಗಾಯಾಳುಗಳ ಸೇವೆಗೆ ಹೊರಟುಹೋದರು. ಸುಮಾರು ಒಂದು ವರ್ಷದ ಬಳಿಕ ಮರಳಿ 1938ರಲ್ಲಿ ವೈದ್ಯರಾದರು. ಎಲ್ಲರಿಗೂ ಉಚಿತವಾದ ರಾಷ್ಟ್ರೀಯ ಆರೋಗ್ಯ ಸೇವೆ ಬೇಕೆಂದು ಲಂಡನ್ನಿನಲ್ಲಿ ಮೆರವಣಿಗೆಗಳು ನಡೆಯುತ್ತಿದ್ದ ಕಾಲವದು. ವಿದ್ಯಾರ್ಥಿ ಕಾಕ್ರೇನ್ ತಾವೇ ಒಂದು ಫಲಕ ಬರೆದು ಹಿಡಿದು ನಡೆದರು. ಎಲ್ಲ ಚಿಕಿತ್ಸೆಯೂ ಉಚಿತವಾಗಲಿ ಎಂದು ಅವರು ಬರೆದಿರಲಿಲ್ಲ. ಪರಿಣಾಮಕಾರಿಯಾದ ಚಿಕಿತ್ಸೆಯೆಲ್ಲವೂ ಉಚಿತವಾಗಲಿ ಎಂದು ಬರೆದಿದ್ದರು. ನಡುವಿನ ಆ ಒಂದು ವಿಶೇಷಣ ಜೊತೆಗಾರರಿಗೆ ರುಚಿಸಲಿಲ್ಲ, ಹೆಚ್ಚಿನವರಿಗೆ ಅರ್ಥವೂ ಆಗಲಿಲ್ಲ. ಮುಂದಿನ ಐವತ್ತು ವರ್ಷ ಅವರು ದುಡಿದುದು ಆ ಒಂದು ಪದಕ್ಕಾಗಿ ಎಂದರೆ ಉತ್ಪ್ರೇಕ್ಷೆಯೇನಲ್ಲ.

ಎರಡನೆಯ ಮಹಾಯುದ್ಧದಲ್ಲಿ ಸೇನಾ ವೈದ್ಯರಾಗಿದ್ದ ಕಾಕ್ರೇನ್ 1941ರ ಜೂನ್ ತಿಂಗಳಲ್ಲಿ ಕ್ರೀಟ್ ದ್ವೀಪದಲ್ಲಿ ಜರ್ಮನರ ಸೆರೆಸಿಕ್ಕರು. ಗ್ರೀಸಿನ ಸಲೋನಿಕಾದಲ್ಲಿದ್ದ ಯುದ್ಧಕೈದಿಗಳ ಶಿಬಿರಕ್ಕೆ ಅವರನ್ನು ಒಯ್ಯಲಾಯಿತು. ಸುಮಾರು 20,000 ಕೈದಿಗಳು; ದಿನಕ್ಕೆ ಸುಮಾರು 600 ಕ್ಯಾಲೊರಿಯಷ್ಟು ಆಹಾರ; ಎಲ್ಲರಿಗೂ ಭೇದಿ. ವಿಷಮಶೀತಜ್ವರ, ಗಂಟಲಮಾರಿ, ಕಾಮಾಲೆಗಳು ಒಂದರ ಮೇಲೊಂದು ಎರಗಿದವು. ವೈದ್ಯರ ಕೈಯಲ್ಲಿದ್ದುದು ಆಸ್ಪಿರಿನ್, ಹೊಟ್ಟೆಯುರಿಯ ಮದ್ದು, ಚರ್ಮಕ್ಕೆ ಹಚ್ಚುವ ಒಂದಿಷ್ಟು ಔಷಧ, ಇಷ್ಟೇ. ಇನ್ನಷ್ಟು ವೈದ್ಯರನ್ನು ಒದಗಿಸಿರೆಂದು ಅಂಗಲಾಚಿದಾಗ ಜರ್ಮನ್ ಅಧಿಕಾರಿ ವೈದ್ಯರು ಇಲ್ಲಿ ಅನಗತ್ಯವೆಂದು ಹೇಳಿ ಕಳಿಸಿದನಂತೆ. ಕಾಕ್ರೇನ್ ಕುದಿದುಹೋದರು. ನೂರಾರು ಜನ ಸಾಯುವರೆಂದೇ ಅವರ ಲೆಕ್ಕಾಚಾರವಾಗಿತ್ತು. ಅಲ್ಲಿದ್ದ ಅವಧಿಯಲ್ಲಿ ಸತ್ತವರು ನಾಲ್ವರು; ಅವರಲ್ಲಿ ಮೂವರು ಗುಂಡೇಟಿನಿಂದ ಸತ್ತವರು. ಮನುಷ್ಯದೇಹಕ್ಕೆ ತಾನಾಗಿಯೇ ಚೇತರಿಸಿಕೊಳ್ಳುವ ಶಕ್ತಿ ಎಷ್ಟಿದೆ, ಅದರ ಕೀರ್ತಿಯನ್ನು ಔಷಧಗಳು ಎಷ್ಟು ಬಾರಿ ತಮ್ಮದೆಂದು ಬಾಚಿಕೊಂಡಿರಬಹುದು ಎಂಬ ಯೋಚನೆ ಅಂದು ಹೊಕ್ಕಿದ್ದು ಮತ್ತೆ ಅವರನ್ನು ಬಿಡಲಿಲ್ಲ. ಆ ಅಧಿಕಾರಿ ಕ್ರೂರಿಯಾಗಿದ್ದನೋ ಜ್ಞಾನಿಯಾಗಿದ್ದನೋ ತಿಳಿಯದು, ಆದರೆ ಅವನು ಹೇಳಿದ್ದು ಸರಿಯಾಗಿತ್ತು ಎಂದು ಅವರು ಮುಂದೆ ಒಪ್ಪಿಕೊಂಡರು.

ಅದೇ ಶಿಬಿರದಲ್ಲಿ ನಡೆದ ಇನ್ನೊಂದು ಘಟನೆ ಅವರ ಜೀವನದ ತಿರುವು. ಕೈದಿಗಳ ಕಾಲುಗಳು ಬಾತುಕೊಳ್ಳತೊಡಗಿದವು. ಮೊಣಕಾಲಿನ ಮೇಲಕ್ಕೂ ಊತ ಏರಿದವರು ನೂರಾರು ಮಂದಿ. ಕಾಕ್ರೇನ್ ಅವರಿಗೂ ಊತ ಬಂದಿತ್ತು. ಬಿ ಜೀವಸತ್ವದ ಕೊರತೆಯಿಂದ ಬರುವ ಬೆರಿಬೆರಿ ಇರಬಹುದೆಂದು ಅವರು ಊಹಿಸಿದರು. ಊಹೆಯನ್ನು ಜರ್ಮನರು ಕೇಳುವರೇ? ಆಗ ಅವರಿಗೆ ಜೇಮ್ಸ್ ಲಿಂಡ್ ನೆನಪಾದರು. 1747ರಲ್ಲಿ ಹಡಗೊಂದರಲ್ಲಿ ಸ್ಕರ್ವಿ ಪೀಡಿತರಾದ ಹನ್ನೆರಡು ನಾವಿಕರನ್ನು ಇಬ್ಬಿಬ್ಬರಂತೆ ವಿಂಗಡಿಸಿ, ಒಂದೊಂದು ಜೋಡಿಗೆ ಒಂದೊಂದು ಮದ್ದು ಕೊಟ್ಟು, ಕಿತ್ತಳೆ ಮತ್ತು ನಿಂಬೆಯ ಗುಣವನ್ನು ತೋರಿಸಿದ ವೈದ್ಯರವರು. ಊತವಿದ್ದ ಇಪ್ಪತ್ತು ತರುಣ ಕೈದಿಗಳನ್ನು ಕಾಕ್ರೇನ್ ಕರೆದು ಲಿಂಡ್ ಅವರ ಕಥೆ ಹೇಳಿ ಒಪ್ಪಿಸಿದರು. ಅವರಿಗೆ ಅಂಕಿ ಕೊಟ್ಟು, ಬೆಸ ಅಂಕಿಯವರನ್ನು ಒಂದು ಕೋಣೆಗೂ ಸಮ ಅಂಕಿಯವರನ್ನು ಇನ್ನೊಂದು ಕೋಣೆಗೂ ಕಳಿಸಿದರು. ಒಂದು ಕೋಣೆಯವರಿಗೆ ದಿನವೂ ಎರಡು ಚಮಚ ಯೀಸ್ಟ್. ಇನ್ನೊಂದು ಕೋಣೆಯವರಿಗೆ, ಆಪತ್ಕಾಲಕ್ಕೆಂದು ತಾವು ಕಾದಿರಿಸಿದ್ದ ಸಿ ಜೀವಸತ್ವದ ಮಾತ್ರೆ.

ಮೂತ್ರವನ್ನು ಅಳೆಯಲು ಪಾತ್ರೆಗಳಿರಲಿಲ್ಲ. ಎಷ್ಟು ಬಾರಿ ಹೋದರೆಂದು ಎಣಿಸಿದ್ದೇ ಲೆಕ್ಕ. ಮೊದಲ ಎರಡು ದಿನ ಭೇದವೇನೂ ತೋರಲಿಲ್ಲ. ಮೂರನೆಯ ದಿನ ಸ್ವಲ್ಪ ಆಸೆ ಮೂಡಿತು. ನಾಲ್ಕನೆಯ ದಿನಕ್ಕೆ ಯೀಸ್ಟ್ ಕೋಣೆಯ ಹತ್ತು ಮಂದಿಯಲ್ಲಿ ಎಂಟು ಮಂದಿ ಚೇತರಿಸಿಕೊಂಡಿದ್ದರು. ಎದುರು ಕೋಣೆಯಲ್ಲಿ ಇದ್ದ ಸ್ಥಿತಿಯೇ ಇತ್ತು. ಈ ಲೆಕ್ಕವನ್ನು ಬರೆದುಕೊಂಡು, ತಮ್ಮ ಜರ್ಮನ್ ಭಾಷೆಯ ಬಲದಿಂದ ಕಾಕ್ರೇನ್ ಶಿಬಿರದ ಅಧಿಕಾರಿಗಳ ಮುಂದೆ ನಿಂತರು. ಅವರ ಬೇಡಿಕೆಗಳಿಗೆಲ್ಲ ಕಿವುಡಾಗಿದ್ದವರು ಅಂಕಿಗಳ ಮುಂದೆ ಮಣಿದರು. ಮರುದಿನ ಬೆಳಿಗ್ಗೆಯೇ ಯೀಸ್ಟ್ ಬಂದಿತು. ಪಡಿತರವೂ ಸ್ವಲ್ಪ ಏರಿತು. ಇಪ್ಪತ್ತೇ ಮಂದಿಯ, ನಾಲ್ಕೇ ದಿನದ ಈ ಪ್ರಯೋಗದಲ್ಲಿದ್ದ ಲೋಪಗಳನ್ನು ಅವರಷ್ಟು ನಿರ್ದಾಕ್ಷಿಣ್ಯವಾಗಿ ಬೇರಾರೂ ಪಟ್ಟಿಮಾಡಿಲ್ಲ. 1984ರಲ್ಲಿ ಬರೆದ ಲೇಖನವೊಂದರಲ್ಲಿ, ಅದು ತಮ್ಮ ಮೊದಲ, ಅತ್ಯಂತ ಕಳಪೆಯ ಹಾಗೂ ಅತ್ಯಂತ ಫಲಪ್ರದ ಪ್ರಯೋಗವೆಂದು ಹಾಸ್ಯ ಬೆರೆಸಿ ನೆನೆದಿದ್ದಾರೆ.

ಅಲ್ಲಿಂದ ಜರ್ಮನಿಯ ಶಿಬಿರಗಳಿಗೆ ವರ್ಗವಾಯಿತು. ಎಲ್ಸ್ಟರ್‌ಹಾರ್ಸ್ಟ್‌ನಲ್ಲಿ ಕ್ಷಯರೋಗಿಗಳಾದ ಕೈದಿಗಳನ್ನು ನೋಡಿಕೊಳ್ಳುವ ಹೊಣೆ ಅವರದಾಯಿತು. ಆ ಕಾಲದಲ್ಲಿ ಕ್ಷಯಕ್ಕೆ ಹಾಸಿಗೆ ವಿಶ್ರಾಂತಿ, ಶ್ವಾಸಕೋಶವನ್ನು ಗಾಳಿ ತುಂಬಿ ಕುಗ್ಗಿಸುವುದು, ಪಕ್ಕೆಲುಬು ಕತ್ತರಿಸುವುದು ಮುಂತಾದ ಉಪಚಾರಗಳಿದ್ದವು. ಯಾವುದನ್ನು ಮಾಡಲೂ ಅವರಿಗೆ ಸ್ವಾತಂತ್ರ್ಯವಿತ್ತು. ಯಾರಿಗೆ, ಯಾವಾಗ, ಯಾವುದನ್ನು ಮಾಡಿದರೆ ಬದುಕಿಯಾರು ಎಂಬುದು ಮಾತ್ರ ಅವರಿಗಾಗಲಿ ಅವರ ಗುರುಗಳಿಗಾಗಲಿ ತಿಳಿದಿರಲಿಲ್ಲ. ತಾವು ಚಿಕಿತ್ಸೆ ಮಾಡಿಯೇ ಕೆಲವರನ್ನು ಬೇಗ ಕೊಂದಿರಬಹುದೆಂಬ ಶಂಕೆ ಅವರನ್ನು ಕೊನೆಯವರೆಗೂ ಕಾಡಿತು. ವೈದ್ಯನ ಸ್ವಾತಂತ್ರ್ಯದ ಹಿರಿಮೆಯನ್ನು ಕೊಂಡಾಡುವ ಕಿರುಹೊತ್ತಿಗೆಯೊಂದು ಆಗ ಕೈಗೆ ಸಿಕ್ಕಿದಾಗ, ಆ ಸ್ವಾತಂತ್ರ್ಯವನ್ನೆಲ್ಲ ಒಂದಿಷ್ಟು ಜ್ಞಾನಕ್ಕಾಗಿ ಸಂತೋಷದಿಂದ ಬಿಟ್ಟುಕೊಡುತ್ತಿದ್ದೆನೆಂದು ಅವರಿಗೆ ಅನಿಸಿತು.

ಒಂದು ರಾತ್ರಿ ಸೋವಿಯತ್ ದೇಶದ ತರುಣ ಕೈದಿಯೊಬ್ಬನನ್ನು ತಂದು ಹಾಕಿದರು. ಎರಡು ಶ್ವಾಸಕೋಶಗಳೂ ಹಾಳಾಗಿ ಆತ ಸಾಯುತ್ತಿದ್ದ, ಬಿಡದೆ ಚೀರುತ್ತಿದ್ದ. ವಾರ್ಡಿನವರೆಲ್ಲ ಎಚ್ಚರಗೊಳ್ಳುವರೆಂದು ಕಾಕ್ರೇನ್ ಅವನನ್ನು ತಮ್ಮ ಕೋಣೆಯಲ್ಲಿ ಮಲಗಿಸಿದರು. ಎದೆಗೂಡಿನ ಉರಿಯೂತದ ನೋವೆಂದು ಅವರ ಎಣಿಕೆ. ಮಾರ್ಫಿನ್ ಇರಲಿಲ್ಲ, ಆಸ್ಪಿರಿನ್ ನಾಟಲಿಲ್ಲ, ಅವನ ಭಾಷೆ ಅಲ್ಲಿ ಯಾರಿಗೂ ಬಾರದು. ಕಡೆಗೆ ಏನೂ ತೋಚದೆ ಮಂಚದ ಮೇಲೆ ಕುಳಿತು ಅವನನ್ನು ತೋಳುಗಳಲ್ಲಿ ತಬ್ಬಿಕೊಂಡರು. ಚೀರಾಟ ತಟ್ಟನೆ ನಿಂತಿತು. ಕೆಲವು ಗಂಟೆಗಳ ನಂತರ ಆತ ಅವರ ತೋಳಿನಲ್ಲೇ ಶಾಂತನಾಗಿ ಪ್ರಾಣಬಿಟ್ಟ. ಚೀರಿಸಿದ್ದು ಉರಿಯೂತವಲ್ಲ, ಒಂಟಿತನ. ತಮ್ಮ ರೋಗನಿದಾನ ತಪ್ಪಿತೆಂಬ ನಾಚಿಕೆಯಿಂದ ಅವರು ಬಹುಕಾಲ ಈ ಸಂಗತಿಯನ್ನು ಯಾರಿಗೂ ಹೇಳಲಿಲ್ಲ. ಕಾಕ್ರೇನ್ ಎಂದರೆ ಅಂಕಿಸಂಖ್ಯೆಯ ಶುಷ್ಕ ಮನುಷ್ಯ ಎಂದು ಭಾವಿಸುವವರು ಈ ರಾತ್ರಿಯನ್ನು ಗಮನಿಸಬೇಕೆಂಬುದು ನಮ್ಮ ಅಭಿಪ್ರಾಯ.

ಯುದ್ಧ ಮುಗಿದ ಮೇಲೆ ಅವರು ಲಂಡನ್ನಿನಲ್ಲಿ ಸಾರ್ವಜನಿಕ ಆರೋಗ್ಯ ಓದಿದರು. ಅಲ್ಲಿ ಗುರುಗಳಾಗಿ ದೊರೆತವರು ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್. ಕ್ಷಯಕ್ಕೆ ಆಗತಾನೇ ಬಂದಿದ್ದ ಸ್ಟ್ರೆಪ್ಟೊಮೈಸಿನ್ ಬ್ರಿಟನ್ನಿನಲ್ಲಿ ಅತಿ ವಿರಳವಾಗಿತ್ತು. ಇರುವಷ್ಟನ್ನು ಯಾರಿಗೆ ಕೊಡುವುದು? ಹಿಲ್ ಅವರು 107 ರೋಗಿಗಳನ್ನು, ಚೀಟಿ ಎತ್ತಿದ ಹಾಗೆ, ಯಾರ ಆಯ್ಕೆಯೂ ಬೆರೆಯದಂತೆ ಎರಡು ಗುಂಪು ಮಾಡಿಸಿದರು. ಆರು ತಿಂಗಳಲ್ಲಿ ಔಷಧ ಪಡೆದ 55 ಮಂದಿಯಲ್ಲಿ ನಾಲ್ವರೂ, ಬರಿಯ ವಿಶ್ರಾಂತಿ ಪಡೆದ 52 ಮಂದಿಯಲ್ಲಿ ಹದಿನಾಲ್ವರೂ ಸತ್ತರು. 1948ರಲ್ಲಿ ಇದು ಪ್ರಕಟವಾಯಿತು. ಗುಂಪು ಮಾಡುವಾಗ ಚೀಟಿಯೇ ಏಕೆ ಬೇಕು? ವೈದ್ಯರೇ ಆರಿಸಿದರೆ ಅವರಿಗರಿವಿಲ್ಲದೆ ಗಟ್ಟಿಮುಟ್ಟಾದವರು ಒಂದು ಕಡೆ ಸೇರಿಬಿಡುತ್ತಾರೆ. ಆಗ ಗೆದ್ದದ್ದು ಮದ್ದೋ ಮೈಕಟ್ಟೋ ಎಂಬುದು ತಿಳಿಯುವುದಿಲ್ಲ. ಶಿಬಿರದಲ್ಲಿ ತಾವು ಅರಸುತ್ತಿದ್ದ ಜ್ಞಾನಕ್ಕೆ ದಾರಿ ಇದೆಂದು ಕಾಕ್ರೇನ್ ಅವರಿಗೆ ಅಂದು ಹೊಳೆಯಿತು.

ಈ ದಾರಿಯ ಒಂದು ಮಹತ್ವದ ಮೈಲಿಗಲ್ಲು ನಮ್ಮ ಚೆನ್ನೈಯಲ್ಲೇ ಇದೆ. ಅದರಲ್ಲಿ ಕಾಕ್ರೇನ್ ಅವರ ಕೈವಾಡವಿರಲಿಲ್ಲವಾದರೂ ಹಿಲ್ ಅವರ ವಿಧಾನವೇ ಅಲ್ಲಿಯೂ ದುಡಿಯಿತು. ಮೈಸೂರಿನ ಪಿ.ಕೆ. ಸ್ಯಾನಟೋರಿಯಂ, ಮುಂಬಯಿಯ ಶಿವಡಿ ಆಸ್ಪತ್ರೆಗಳ ಹೆಸರು ಕೇಳಿದರೇ ಹಿಂದಿನವರು ನಡುಗುತ್ತಿದ್ದರು. ಮನೆ ಬಿಟ್ಟು ತಿಂಗಳುಗಟ್ಟಲೆ ಅಲ್ಲಿರದಿದ್ದರೆ ಕ್ಷಯ ಗುಣವಾಗದೆಂಬುದು ಎಲ್ಲರ ನಂಬಿಕೆ. ಮದರಾಸಿನಲ್ಲಿ 1956ರಲ್ಲಿ ಆರಂಭವಾದ ಕ್ಷಯ ಚಿಕಿತ್ಸಾ ಸಂಶೋಧನ ಕೇಂದ್ರವು 193 ಬಡ ರೋಗಿಗಳನ್ನು ಚೀಟಿಯ ಮೇಲೆ ವಿಂಗಡಿಸಿ, ಕೆಲವರಿಗೆ ಸ್ಯಾನಟೋರಿಯಂನಲ್ಲಿ, ಕೆಲವರಿಗೆ ಮನೆಯಲ್ಲೇ, ಒಂದೇ ಬಗೆಯ ಮಾತ್ರೆಗಳನ್ನು ಒಂದು ವರ್ಷ ಕೊಟ್ಟಿತು. ಇಕ್ಕಟ್ಟಾದ ಮನೆ, ಸಾಲದ ಊಟ, ಬಿಡದ ದುಡಿಮೆ ಇವೆಲ್ಲದರ ನಡುವೆಯೂ ಮನೆಯವರು ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣಮುಖರಾದರು. ಮನೆಮಂದಿಗೆ ಸೋಂಕಿನ ಅಪಾಯವೂ ಅದರಿಂದ ಹೆಚ್ಚಲಿಲ್ಲ. 1959ರಲ್ಲಿ ಹೊರಬಿದ್ದ ಈ ಫಲಿತಾಂಶ ಜಗತ್ತಿನ ಸ್ಯಾನಟೋರಿಯಂಗಳ ಯುಗವನ್ನೇ ಮುಗಿಸಿತು. ಅದೇ ವರ್ಷ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ರೂಪಿಸಿದ ದೇಶವ್ಯಾಪಿ ಕಾರ್ಯಕ್ರಮ ಮನೆಯಲ್ಲೇ ಚಿಕಿತ್ಸೆ ಎಂಬ ತಳಹದಿಯ ಮೇಲೆ ನಿಂತಿತು. ಹೋಲಿಕೆಯೊಂದರಿಂದ ಉಳಿದ ಹಣವೆಷ್ಟು, ಒಡೆಯದೆ ಉಳಿದ ಸಂಸಾರಗಳೆಷ್ಟು!

ಕಾಕ್ರೇನ್ 1948ರಿಂದ ವೇಲ್ಸ್ ಪ್ರಾಂತದ ಕಲ್ಲಿದ್ದಲ ಗಣಿಗಳ ಸೀಮೆಯಲ್ಲಿ ನೆಲೆನಿಂತರು. ಗಣಿಧೂಳಿನಿಂದ ಶ್ವಾಸಕೋಶ ಕೆಡುವ ರೋಗವನ್ನು ಅಭ್ಯಸಿಸುತ್ತ ರೊಂಡಾ ಫಾಕ್ ಎಂಬ ಕಣಿವೆಯ ಮನೆಮನೆಗೂ ಹೋಗಿ, ಬಹುತೇಕ ಪ್ರತಿಯೊಬ್ಬರ ಎದೆಯ ಎಕ್ಸ್‌ರೇ ತೆಗೆಸಿದರು. ವರ್ಷಗಟ್ಟಲೆ ಅವರ ಬೆನ್ನುಬಿಡಲಿಲ್ಲ. 1960ರಲ್ಲಿ ಕಾರ್ಡಿಫ್‌ನಲ್ಲಿ ಪ್ರಾಧ್ಯಾಪಕರಾದರು, ಸಾಂಕ್ರಾಮಿಕ ಶಾಸ್ತ್ರದ ಸಂಶೋಧನ ಘಟಕವೊಂದರ ಮುಖ್ಯಸ್ಥರೂ ಆದರು. ಮದುವೆಯಾಗಲಿಲ್ಲ. ತೋಟಗಾರಿಕೆ ಮತ್ತು ಚಿತ್ರಸಂಗ್ರಹ ಅವರ ಹವ್ಯಾಸಗಳು. ಪಾರ್ಫಿರಿಯ ಎಂಬ ವಂಶಪಾರಂಪರ್ಯದ ವಿರಳ ಕಾಯಿಲೆ ಅವರನ್ನು ಬಾಧಿಸಿತು. ಅದಕ್ಕೂ ಅವರು ದೂರದೂರದ ಬಂಧುಗಳನ್ನೆಲ್ಲ ಹುಡುಕಿ ಪರೀಕ್ಷಿಸಿದರು!

ಆ ದಿನಗಳಲ್ಲಿ ಹೃದಯಾಘಾತವಾದವರಿಗೆಂದು ಆಸ್ಪತ್ರೆಗಳಲ್ಲಿ ದುಬಾರಿ ವಿಶೇಷ ಘಟಕಗಳು ತಲೆಯೆತ್ತುತ್ತಿದ್ದವು. ಅವು ಮನೆಯ ಆರೈಕೆಗಿಂತ ಮೇಲೆಂದು ಯಾರೂ ಪರೀಕ್ಷಿಸಿರಲಿಲ್ಲ. ಬ್ರಿಸ್ಟಲ್ ನಗರದ ಡಾ. ಮ್ಯಾದರ್ ಅದನ್ನು ಪರೀಕ್ಷಿಸಲು ಹೊರಟಾಗ ಕಾಕ್ರೇನ್ ಬೆಂಬಲಕ್ಕೆ ನಿಂತರು. ಮನೆಯಲ್ಲಿಟ್ಟು ನೋಡುವುದು ಅನೀತಿಯೆಂದು ಹೃದಯತಜ್ಞರು ಕಿಡಿಕಾರಿದರು. ಮೊದಲ ಅಂಕಿಗಳು ಬಂದಾಗ ಕಾಕ್ರೇನ್ ಒಂದು ತುಂಟತನ ಮಾಡಿದರು. ಆಸ್ಪತ್ರೆಯಲ್ಲಿ ಸತ್ತವರು ತುಸು ಹೆಚ್ಚಿದ್ದರೂ, ಎರಡು ಸಾಲುಗಳನ್ನು ಅದಲುಬದಲು ಮಾಡಿ, ಮನೆಯಲ್ಲೇ ಹೆಚ್ಚು ಸತ್ತಂತೆ ತೋರಿಸಿದರು. ಪ್ರಯೋಗವನ್ನು ಈ ಕ್ಷಣವೇ ನಿಲ್ಲಿಸಿರೆಂದು ತಜ್ಞರು ಗರ್ಜಿಸಿದರು. ಆಗ ಕಾಕ್ರೇನ್ ನಿಜವಾದ ಹಾಳೆಯನ್ನು ಮುಂದಿಟ್ಟು, ಹಾಗಾದರೆ ಹೃದಯ ಘಟಕಗಳನ್ನು ಈ ಕ್ಷಣವೇ ಮುಚ್ಚೋಣವೇ ಎಂದು ಕೇಳಿದರು. ಸಭೆ ಮೌನವಾಯಿತು. ಆ ಅಂತರ ಬಹಳ ಚಿಕ್ಕದು, ಎರಡು ಕಡೆಗೂ ಏನನ್ನೂ ಸಾಧಿಸದು ಎಂಬುದನ್ನು ಅವರು ಬಲ್ಲವರಾಗಿದ್ದರು. 1971ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿಯೂ ಆಸ್ಪತ್ರೆಗೆ ಮೇಲುಗೈ ದೊರೆಯಲಿಲ್ಲ. ಓದುಗರು ಇದನ್ನು ಇಂದಿಗೆ ಅನ್ವಯಿಸಿಕೊಳ್ಳಬಾರದು. ಹೆಪ್ಪು ಕರಗಿಸುವ ಔಷಧ, ಆಂಜಿಯೋಪ್ಲಾಸ್ಟಿಗಳು ಇಂಥದೇ ಹೋಲಿಕೆಗಳಲ್ಲಿ ಗೆದ್ದು ಬಂದಿವೆ. ಎದೆನೋವು ಬಂದವರು ತಡಮಾಡದೆ ಆಸ್ಪತ್ರೆ ಸೇರಲೇಬೇಕು.

1972ರಲ್ಲಿ ಅವರ ಚಿಕ್ಕ ಪುಸ್ತಕ ಎಫೆಕ್ಟಿವ್‌ನೆಸ್ ಅಂಡ್ ಎಫಿಷಿಯೆನ್ಸಿ ಹೊರಬಂದಿತು. ಒಂದು ದೇಶದ ಬೊಕ್ಕಸ ಎಷ್ಟೇ ದೊಡ್ಡದಾದರೂ ಅದಕ್ಕೆ ತಳವಿದೆ. ಆದ್ದರಿಂದ ಹೋಲಿಸಿ ನೋಡಿ ಗುಣ ಸಾಬೀತಾದ ಚಿಕಿತ್ಸೆಗೇ ಹಣ ಹಾಕಬೇಕು ಎಂಬುದು ಅದರ ವಾದದ ತಿರುಳು. ಟಾನ್ಸಿಲ್ ತೆಗೆಯುವ ರೂಢಿ, ಸಣ್ಣ ಶಸ್ತ್ರಚಿಕಿತ್ಸೆಯ ನಂತರ ವಾರಗಟ್ಟಲೆ ಆಸ್ಪತ್ರೆಯಲ್ಲಿರಿಸುವ ಪದ್ಧತಿ, ಪ್ರಯೋಜನ ತೋರದ ತಪಾಸಣೆಗಳು ಒಂದೊಂದಾಗಿ ಅವರ ಮೊನಚಿಗೆ ಸಿಕ್ಕಿದವು. ಇದನ್ನು ಜಿಪುಣತನವೆಂದು ತಿಳಿದವರು ಪುಸ್ತಕವನ್ನು ಅರ್ಧಕ್ಕೇ ಬಿಟ್ಟವರಿರಬೇಕು. ಹೀಗೆ ಉಳಿದ ಹಣ ವೃದ್ಧರ, ಮನೋರೋಗಿಗಳ, ಗುಣವಾಗದ ಕಾಯಿಲೆಯವರ ಆರೈಕೆಗೆ ಹೋಗಬೇಕೆಂಬುದು ಅವರ ಹಂಬಲ. ವಾಸಿಮಾಡುವ ಯಂತ್ರಗಳಿಗೆ ಹಣ ಹರಿಯುತ್ತಿದ್ದಾಗ, ಮುದುಕರ ವಾರ್ಡಿನ ಊಟಕ್ಕೂ ಹಾಸಿಗೆಗೂ ಕಾಸು ಸಾಲದಿರುವುದು ಅವರಿಗೆ ಸಹಿಸಲಾಗಲಿಲ್ಲ. ಸಲೋನಿಕಾದ ಕೈದಿಯೂ ಆ ಸೋವಿಯತ್ ತರುಣನೂ ಈ ಪುಟಗಳಲ್ಲಿ ಜೊತೆಯಾಗಿ ಕಾಣುತ್ತಾರೆ.

1979ರಲ್ಲಿ ಅವರು ಇನ್ನೊಂದು ಚುಚ್ಚುಮಾತು ಆಡಿದರು. ಪ್ರಯೋಗಗಳು ನಡೆದರೂ ಅವುಗಳನ್ನು ವಿಷಯವಾರು ಒಟ್ಟುಗೂಡಿಸಿ, ಕಾಲಕಾಲಕ್ಕೆ ತಿದ್ದಿ ಇಡುವ ವ್ಯವಸ್ಥೆಯಿಲ್ಲದಿರುವುದು ವೈದ್ಯವೃತ್ತಿಗೆ ತಲೆತಗ್ಗಿಸುವ ಸಂಗತಿಯೆಂದರು. ವೈಜ್ಞಾನಿಕ ಪರೀಕ್ಷೆಯಲ್ಲಿ ಕೊನೆಯ ಸ್ಥಾನವನ್ನು ಪ್ರಸೂತಿತಜ್ಞರಿಗೆ ಕೊಟ್ಟರು. ಅದನ್ನು ಮನಸ್ಸಿಗೆ ಹಚ್ಚಿಕೊಂಡ ಇಯಾನ್ ಚಾಮರ್ಸ್ ಮತ್ತು ಸಂಗಡಿಗರು ಆಕ್ಸ್‌ಫರ್ಡ್‌ನಲ್ಲಿ ಹೆರಿಗೆಗೆ ಸಂಬಂಧಿಸಿದ ಪ್ರಯೋಗಗಳನ್ನೆಲ್ಲ ಹೆಕ್ಕಿ ಜೋಡಿಸಿದರು. ಅವಧಿಗೆ ಮುನ್ನ ಹೆರಿಗೆಯಾಗಲಿರುವ ತಾಯಿಗೆ ಅಗ್ಗದ ಸ್ಟೆರಾಯ್ಡ್ ಚುಚ್ಚುಮದ್ದು ಕೊಟ್ಟರೆ ಎಳೆಗೂಸುಗಳು ಉಳಿಯುತ್ತವೆಂಬುದಕ್ಕೆ 1972ರಿಂದಲೂ ಪುರಾವೆ ಸೇರುತ್ತಿತ್ತು. ಒಟ್ಟುಗೂಡಿಸಿ ನೋಡುವವರಿಲ್ಲದೆ ಬಹಳಷ್ಟು ವೈದ್ಯರು ಅದನ್ನು ಬಳಸಿರಲಿಲ್ಲ. ಆ ಕೂಸುಗಳ ಲೆಕ್ಕವನ್ನು ಯಾರಿಂದ ಕೇಳುವುದು? ಆಕ್ಸ್‌ಫರ್ಡಿನವರ ಕೆಲಸ ಕಂಡು ಕಾಕ್ರೇನ್ ತಮ್ಮ ಮೂದಲಿಕೆಯನ್ನು ಹಿಂತೆಗೆದುಕೊಂಡು ಅವರ ಗ್ರಂಥಕ್ಕೆ ಮುನ್ನುಡಿ ಬರೆದರು. ಅದು ಅಚ್ಚಾಗಿ ಬಂದುದು 1989ರಲ್ಲಿ. 1993ರಲ್ಲಿ ಅವರ ಹೆಸರಿನಲ್ಲೇ ಕಾಕ್ರೇನ್ ಕೊಲಾಬರೇಷನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಹುಟ್ಟಿತು. ಆ ಸ್ಟೆರಾಯ್ಡ್ ಪ್ರಯೋಗಗಳ ರೇಖಾಚಿತ್ರವೇ ಅದರ ಲಾಂಛನವಾಯಿತು. 2007ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ದೇಶದ ಎಲ್ಲರಿಗೂ ಅದರ ಗ್ರಂಥಭಂಡಾರವನ್ನು ಉಚಿತವಾಗಿ ತೆರೆಯಿಸಿತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಈ ಕೆಲಸಕ್ಕೆ ನಮ್ಮಲ್ಲಿ ನೆಲೆಯಾಯಿತು.

ಕಾಕ್ರೇನ್ ಅವರು ಇವಾವುದನ್ನೂ ನೋಡಲಿಲ್ಲ. 1988ರ ಜೂನ್ 18ರಂದು, ತಮ್ಮ 79ನೆಯ ವಯಸ್ಸಿನಲ್ಲಿ ನಿಧನರಾದರು. 1974ರಲ್ಲಿ ಅವರು ಪೀಟರ್ ಎಲ್ವುಡ್ ಮೊದಲಾದ ಸಹೋದ್ಯೋಗಿಗಳೊಡನೆ, ಹೃದಯಾಘಾತವಾಗಿದ್ದ 1,239 ಪುರುಷರ ಮೇಲೆ ಆಸ್ಪಿರಿನ್ನಿನ ಪ್ರಯೋಗ ನಡೆಸಿದ್ದರು. ಸಾವು ತುಸು ಕಡಿಮೆಯಾದಂತೆ ತೋರಿತ್ತು, ಆದರೆ ಅಂಕಿಗಳು ಸಾಲದೆ ಖಚಿತವಾಗಿ ಏನನ್ನೂ ಹೇಳಲಾಗಿರಲಿಲ್ಲ. ಅವರು ತೀರಿಕೊಂಡ ಎರಡು ತಿಂಗಳಿಗೆ, ಅದೇ ವರ್ಷದ ಆಗಸ್ಟಿನಲ್ಲಿ, 17,187 ರೋಗಿಗಳ ಮೇಲೆ ನಡೆದ ದೊಡ್ಡ ಪ್ರಯೋಗವೊಂದರ ಫಲಿತಾಂಶ ಪ್ರಕಟವಾಯಿತು. ಹೃದಯಾಘಾತವಾದ ಕೂಡಲೇ ಆಸ್ಪಿರಿನ್ ಆರಂಭಿಸಿ ಒಂದು ತಿಂಗಳು ಕೊಟ್ಟರೆ, ಐದು ವಾರಗಳಲ್ಲಿ ಹೃದಯ ಮತ್ತು ರಕ್ತನಾಳಗಳ ಕಾರಣದ ಸಾವು ಸುಮಾರು ಶೇಕಡಾ 23ರಷ್ಟು ತಗ್ಗುತ್ತದೆಂದು ಅದು ತೋರಿಸಿತು. ಸಲೋನಿಕಾದ ಶಿಬಿರದಲ್ಲಿ ಅವರ ಪೆಟ್ಟಿಗೆಯಲ್ಲಿದ್ದ ಮೂರು ಮದ್ದುಗಳಲ್ಲಿ ಅದೂ ಒಂದಾಗಿತ್ತು.